ಮಾರ್ಫಿನ್ ಎಷ್ಟಿದೆ?
(ಹಾಸನದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟವರು ಹೊಳೆನರಸೀಪುರದ ಒಬ್ಬ ನಿವೃತ್ತ ಮೇಷ್ಟರು. ತಾಯಿಯ ನೆನಪಿಗೆ ಇಟ್ಟಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಅವರ ಷರತ್ತು ಒಂದೇ: ವಿಜ್ಞಾನದ ಮಾತೇ ಆಗಲಿ, ಆದರೆ ಕೇಳಿದವರು ಮನೆಗೆ ಹೋಗಿ ಹೆಂಡತಿಗೋ ಗಂಡನಿಗೋ ಹೇಳುವ ಹಾಗಿರಲಿ. ಇವತ್ತಿನ ವಿಷಯ ಮಾರ್ಫಿನ್ ಎಂದು ಮೊದಲೇ ಗೊತ್ತಿದ್ದೂ ಸಂಘಟಕರು ಮಧ್ಯಾಹ್ನದ ಊಟಕ್ಕೆ ಗಸಗಸೆ ಪಾಯಸ ಮಾಡಿಸಿದ್ದರು. ಹಾಗಾಗಿ ನನ್ನ ಕೆಲಸ ಅರ್ಧ ಹಗುರಾಯಿತು. ಊಟ ಮಾಡಿ ಬಂದು ಕೂತಿರುವ ನಿಮ್ಮೆಲ್ಲರ ಮೈಯಲ್ಲೂ ಈ ಹೊತ್ತು ಒಂದಿಷ್ಟು ಮಾರ್ಫಿನ್ ಇದೆ. ಗಾಬರಿ ಬೇಡ, ತೂಕಡಿಸಿದರೆ ಅದಕ್ಕೆ ಕಾರಣ ಪಾಯಸವಲ್ಲ, ನನ್ನ ಭಾಷಣ.

ಗಸಗಸೆ ಕೊಡುವ ಗಿಡವೂ ಅಫೀಮು ಕೊಡುವ ಗಿಡವೂ ಒಂದೇ. ಹಸಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲು ಒಣಗಿ ಅಫೀಮಾಗುತ್ತದೆ, ನೋವು ನಿಲ್ಲಿಸುವ ಮಾರ್ಫಿನ್ ಇರುವುದು ಅದರಲ್ಲೇ. ಅದೇ ಕಾಯಿ ಬಲಿತು ಒಣಗಿದಾಗ ಒಳಗೆ ಗಸಗಸೆ ಗಲಗಲ ಅನ್ನುತ್ತದೆ. ಕಾಳಿನ ಒಳಗೆ ಮಾರ್ಫಿನ್ ಇಲ್ಲವೆನ್ನುವಷ್ಟು ಕಡಿಮೆ. ಕೊಯ್ಲಿನಲ್ಲಿ ಕಾಯಿ ಒಡೆದಾಗ ಸಿಪ್ಪೆಯ ಧೂಳು, ಒಣಗಿದ ಹಾಲು ಕಾಳಿನ ಮೈಗೆ ಮೆತ್ತಿಕೊಳ್ಳುತ್ತವಲ್ಲ, ಇರುವುದು ಅದರಲ್ಲಿ. ನಮ್ಮ 1985ರ ಮಾದಕವಸ್ತು ಕಾಯ್ದೆ ಕೂಡ ಈ ಗಿಡದ ಕೊಯ್ದ ಭಾಗಗಳನ್ನೆಲ್ಲ ಹಿಡಿದು, ಬೀಜವನ್ನು ಮಾತ್ರ ಹೊರಗಿಟ್ಟಿದೆ. ಅಷ್ಟಾಗದಿದ್ದರೆ ನಮ್ಮ ಕಡೆ ಮದುವೆಗಳೇ ನಿಂತುಹೋಗುತ್ತಿದ್ದವು. ಇಲ್ಲೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1887ರಲ್ಲಿ ನಡೆದ ಮಸ್ತಕಾಭಿಷೇಕದ ವರ್ಣನೆ ಓದಿದರೆ, ಗೊಮ್ಮಟನ ತಲೆಯ ಮೇಲೆ ಸುರಿದ ಹಾಲು, ಮೊಸರು, ಬೆಲ್ಲ, ಬಾದಾಮಿ, ಖರ್ಜೂರದ ಸಾಲಿನಲ್ಲಿ ಗಸಗಸೆಯೂ ಸಿಗುತ್ತದೆ. ದುಬೈಗೆ ಹೊರಟವರು ಮಾತ್ರ ಇದನ್ನು ಪೆಟ್ಟಿಗೆಯಲ್ಲಿ ಹಾಕಿಕೊಳ್ಳಬಾರದು. ಅಲ್ಲಿ ಈ ಕಾಳೇ ನಿಷಿದ್ಧ.

ಎಷ್ಟಿರುತ್ತದೆ ಅನ್ನುವುದನ್ನು ಬೆರಳೆಣಿಕೆಯಲ್ಲೇ ನೋಡೋಣ. ಯುರೋಪಿನವರು 2022ರಿಂದ ಅಂಗಡಿಯಲ್ಲಿ ಮಾರುವ ಗಸಗಸೆಗೆ ಒಂದು ಮಿತಿ ಹಾಕಿದ್ದಾರೆ: ಕೆಜಿಗೆ 20 ಮಿಲಿಗ್ರಾಂ. ನಾಲ್ಕು ಜನರ ಪಾಯಸಕ್ಕೆ 20 ಗ್ರಾಂ ಗಸಗಸೆ ಹಾಕಿದಿರಿ ಅನ್ನಿ. ಈ ಮಿತಿಯ ಕಾಳಾದರೆ ಒಟ್ಟು ಪಾಯಸದಲ್ಲಿ 0.4 ಮಿಲಿಗ್ರಾಂ, ಒಂದು ಲೋಟಕ್ಕೆ 0.1. ಕ್ಯಾನ್ಸರ್ ರೋಗಿ ನುಂಗುವ ಸಾಮಾನ್ಯ ಮಾತ್ರೆ 10 ಮಿಲಿಗ್ರಾಂ, ಅಂದರೆ ಇದರ ನೂರರಷ್ಟು. ಆದರೆ ತೊಳೆಯದ, ಧೂಳು ಹತ್ತಿದ ಕಾಳಿನಲ್ಲಿ ಕೆಜಿಗೆ 200 ಮಿಲಿಗ್ರಾಂ ಇರುವುದೂ ಉಂಟು. ಆಗ ಲೋಟಕ್ಕೆ 1 ಮಿಲಿಗ್ರಾಂ. ಬೀಗರ ಬಲವಂತಕ್ಕೆ ಎರಡು ಲೋಟ ಕುಡಿದವನ ಹೊಟ್ಟೆಗೆ 2 ಮಿಲಿಗ್ರಾಂ. ಅಷ್ಟೂ ಒಂದೂವರೆ ಲೀಟರ್ ಮೂತ್ರದಲ್ಲಿ ಹೊರಗೆ ಹೋಯಿತು ಅಂದುಕೊಂಡರೆ ಮಿಲಿಲೀಟರಿಗೆ ಸುಮಾರು 1300 ನ್ಯಾನೊಗ್ರಾಂ. ಈ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಒಂದೆರಡು ನಿಮಿಷದಲ್ಲಿ ಬೇಕಾಗುತ್ತದೆ. ನಮ್ಮ ಅಡುಗೆ ಭಟ್ಟರು ಗಸಗಸೆಯನ್ನು ತೊಳೆದು, ಹುರಿದು, ನೆನೆಸಿ ರುಬ್ಬುತ್ತಾರೆ. ಒಬ್ಬರನ್ನು ಯಾಕೆ ತೊಳೀತೀರಿ ಅಂತ ಕೇಳಿದೆ. "ಮರಳು ಹಲ್ಲಿಗೆ ಸಿಗ್ತದೆ ಸ್ವಾಮಿ" ಅಂದರು. ಮರಳಿನ ಜೊತೆಗೆ ಬಹುಪಾಲು ಮಾರ್ಫಿನ್ನೂ ಆ ನೀರಿನಲ್ಲೇ ಬಚ್ಚಲಿಗೆ ಹೋಗುತ್ತದೆ ಅನ್ನುವುದು ಅವರಿಗೆ ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಈಗ ಚನ್ನರಾಯಪಟ್ಟಣದ ನಮ್ಮ ಹತ್ತಿರದ ಹುಡುಗನೊಬ್ಬನ ಕಥೆ. ಹೊರದೇಶದ ಕೆಲಸಕ್ಕೆ ಮೆಡಿಕಲ್ ಮಾಡಿಸಬೇಕಿತ್ತು. ಹಿಂದಿನ ದಿನ ಮನೆಯಲ್ಲಿ ಗೃಹಪ್ರವೇಶ, ಪಾಯಸ. ಮಾರನೇ ದಿನ ಮೂತ್ರಕ್ಕೆ ಸ್ಟ್ರಿಪ್ ಅದ್ದಿದರು. ಎರಡು ಗೆರೆ ಕಂಡವು, ಒಂದು ದಟ್ಟ, ಒಂದು ಮಸಕು. ಪರೀಕ್ಷೆ ಮಾಡಿದಾತ "ಎರಡು ಗೆರೆ, ಪಾಸಿಟಿವ್" ಎಂದು ಬರೆದುಬಿಟ್ಟ. ಹುಡುಗನ ತಾಯಿ ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಆತನ ತಪ್ಪನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಬಸಿರು ನೋಡುವ ಕಿಟ್‌ನಲ್ಲಿ ಎರಡು ಗೆರೆ ಅಂದರೆ ಹೌದು. ಕೊರೊನಾ ಕಿಟ್‌ನಲ್ಲೂ ಹೌದು. ಇಡೀ ದೇಶ ಕಲಿತ ಪಾಠ ಅದು. ಮಾದಕವಸ್ತುವಿನ ಸ್ಟ್ರಿಪ್ ಮಾತ್ರ ಉಲ್ಟಾ. ಅದರಲ್ಲಿ 'ಟಿ' ಎಂದು ಗುರುತಿಸಿದ ಪರೀಕ್ಷೆಯ ಗೆರೆ ಮೂಡಿದರೆ ಇಲ್ಲ ಎಂದರ್ಥ, ಮೂಡದಿದ್ದರೆ ಇದೆ ಎಂದರ್ಥ. ಎಷ್ಟೇ ಮಸಕಾದ ಗೆರೆಯೂ ಗೆರೆಯೇ. ಯಾಕೆ ಹೀಗೆ? ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿದ್ದೀರಿ. ಸ್ಟ್ರಿಪ್ಪಿನಲ್ಲಿ ಬಣ್ಣದ ಕಣ ಹೊತ್ತ ಪ್ರತಿಕಾಯಗಳಿರುತ್ತವೆ, ಅವೇ ಸೀಟುಗಳು. 'ಟಿ' ಗೆರೆಯ ಜಾಗದಲ್ಲಿ ಮಾರ್ಫಿನ್ ಬಳಿದು ಅಂಟಿಸಿರುತ್ತಾರೆ. ಮೂತ್ರದಲ್ಲಿ ಮಾರ್ಫಿನ್ ಇಲ್ಲದಿದ್ದರೆ ಖಾಲಿ ಸೀಟುಗಳು ಹರಿದುಬಂದು ಆ ಗೆರೆಗೆ ಅಂಟಿ ಬಣ್ಣ ಮೂಡುತ್ತದೆ. ಇದ್ದರೆ ಅದು ಮೊದಲೇ ಟವೆಲ್ ಹಾಕಿಬಿಟ್ಟಿರುತ್ತದೆ. ಸೀಟೆಲ್ಲ ಭರ್ತಿ, ಗೆರೆಗೆ ಅಂಟಲು ಯಾವುದೂ ಉಳಿಯುವುದಿಲ್ಲ.

ಆ ಹುಡುಗನ ಸ್ಟ್ರಿಪ್ಪಿನ ಪೊಟ್ಟಣವನ್ನು ನಾನು ಕೇಳಿ ತರಿಸಿಕೊಂಡೆ. ಮೇಲೆ 'ಎಂಒಪಿ 300' ಎಂದಿತ್ತು, ಎಂಒಪಿ ಅಂದರೆ ಮಾರ್ಫಿನ್. ಮಿಲಿಲೀಟರಿಗೆ 300 ನ್ಯಾನೊಗ್ರಾಂ ದಾಟಿದರೆ ಗೆರೆ ಮಾಯ. ಅಮೆರಿಕದ ಸರ್ಕಾರಿ ನೌಕರರ ಪರೀಕ್ಷೆಯಲ್ಲೂ ಮೊದಲು ಇದೇ 300 ಇತ್ತು. ಗಸಗಸೆ ಉದುರಿಸಿದ ಬನ್ ತಿಂದವರೆಲ್ಲ ಸಿಕ್ಕಿಬೀಳತೊಡಗಿದ ಮೇಲೆ 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ನಮ್ಮ ಎರಡು ಲೋಟದ ಲೆಕ್ಕ 1300. ಒಂದು ಸ್ಟ್ರಿಪ್ಪಿನಲ್ಲಿ ಅಪರಾಧಿ, ಇನ್ನೊಂದರಲ್ಲಿ ನಿರಪರಾಧಿ. ಮೂತ್ರ ಅದೇ, ಪಾಯಸ ಅದೇ. 300ರ ಪಟ್ಟಿಗಳು ನಮ್ಮ ಅಂಗಡಿಗಳಲ್ಲಿ ಇವತ್ತೂ ಸಲೀಸಾಗಿ ಸಿಗುತ್ತವೆ, ಪೊಟ್ಟಣದ ಮೇಲಿನ ಆ ಅಂಕಿಯನ್ನು ಓದುವವರು ಕಡಿಮೆ.

ಈ ಪ್ರತಿಕಾಯದ ಉಪಾಯ 1970ರದ್ದು. ಸ್ಪೆಕ್ಟರ್ ಮತ್ತು ಪಾರ್ಕರ್ ಎಂಬಿಬ್ಬರು ಮಾರ್ಫಿನ್ನಿಗೆ ಪ್ರತಿಕಾಯ ಹುಟ್ಟಿಸಿ ಅಳೆಯಬಹುದೆಂದು ತೋರಿಸಿದರು. ಮರುವರ್ಷ ಜೂನ್‌ನಲ್ಲೇ ವಿಯೆಟ್ನಾಂನಿಂದ ಊರಿಗೆ ಮರಳುವ ಅಮೆರಿಕನ್ ಸಿಪಾಯಿಗಳು ವಿಮಾನ ಹತ್ತುವ ಮೊದಲು ಬಾಟಲಿ ತುಂಬಿಸಿ ಕೊಡಬೇಕಾಯಿತು. ಆ ಕಾರ್ಯಾಚರಣೆಗೆ 'ಗೋಲ್ಡನ್ ಫ್ಲೋ' ಎಂದೇ ಹೆಸರು. ಹೆಸರಿಟ್ಟವನಿಗೆ ಹಾಸ್ಯಪ್ರಜ್ಞೆ ಇತ್ತು. ಪ್ರತಿಕಾಯಕ್ಕೆ ಮಾತ್ರ ಕಣ್ಣು ಮಂದ. ಅದು ಮುಖ ನೋಡುವುದಿಲ್ಲ, ಮೈಕಟ್ಟು ನೋಡುತ್ತದೆ. ಕೆಮ್ಮಿನ ಔಷಧಿಯ ಕೊಡೀನ್ ಬಂದರೂ ಮಾರ್ಫಿನ್ ಅನ್ನುತ್ತದೆ. ಟಿ.ಬಿ.ಗೆ ಕೊಡುವ, ಮೂತ್ರವನ್ನು ಕೆಂಪಗೆ ಮಾಡುವ ರಿಫಾಂಪಿಸಿನ್ ನುಂಗಿದವರನ್ನೂ ಇಂಥ ಕೆಲವು ಪರೀಕ್ಷೆಗಳು ಅಫೀಮಿನವರ ಸಾಲಿಗೆ ಸೇರಿಸಿವೆ. ಇತ್ತ ಟ್ರಮಡಾಲ್, ಫೆಂಟನಿಲ್ ತೆಗೆದುಕೊಂಡವನು ಇದೇ ಸ್ಟ್ರಿಪ್ಪಿನ ಮುಂದೆ ಎದೆ ಸೆಟೆಸಿ ನಡೆದುಹೋಗಬಹುದು. ಆದ್ದರಿಂದ ಸ್ಟ್ರಿಪ್ ಅನ್ನುವುದು ಅನುಮಾನ ಹುಟ್ಟಿಸುವ ಸಾಧನ. ತೀರ್ಪಿಗೆ ಬೇರೆ ಯಂತ್ರ ಬೇಕು.

ಆ ಯಂತ್ರಕ್ಕೆ ಹೋಗುವ ಮೊದಲು ಮೈಯೊಳಗೆ ಮಾರ್ಫಿನ್ ಏನಾಗುತ್ತದೆ ಎಂದು ತಿಳಿಯಬೇಕು. ಮಾರ್ಫಿನ್ ಸಿಕ್ಕಿದ ಕೂಡಲೇ ಲಿವರ್ ಅದರ ಬೆನ್ನಿಗೆ ಸಕ್ಕರೆಯ ಸಂಬಂಧಿಯೊಂದನ್ನು ಮೂಟೆಯ ಹಾಗೆ ಕಟ್ಟುತ್ತದೆ. ಗ್ಲುಕುರಾನಿಕ್ ಆಮ್ಲ ಅಂತ ಅದರ ಹೆಸರು. ಮೂಟೆ ಹೊತ್ತ ಮಾರ್ಫಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕಿಡ್ನಿ ಅದನ್ನು ಮೂತ್ರಕ್ಕೆ ದಾಟಿಸುತ್ತದೆ. ಮೂಟೆ ಕಟ್ಟಲು ಎರಡು ಜಾಗ. ಅಣುವಿನ 3ನೇ ಸ್ಥಾನದಲ್ಲಿ ಕಟ್ಟಿದರೆ ಎಂ3ಜಿ, 6ನೇ ಸ್ಥಾನದಲ್ಲಿ ಕಟ್ಟಿದರೆ ಎಂ6ಜಿ. ನುಂಗಿದ ಮಾರ್ಫಿನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಂ3ಜಿ ಆಗುತ್ತದೆ. ಅದರಿಂದ ನೋವೇನೂ ಕಡಿಮೆಯಾಗದು. ಹತ್ತರಲ್ಲಿ ಒಂದು ಪಾಲು, ಸ್ವಲ್ಪ ಹೆಚ್ಚೇ ಅನ್ನಿ, ಎಂ6ಜಿ ಆಗುತ್ತದೆ. ಅದಕ್ಕೆ ಮಾರ್ಫಿನ್ನಿನ ಹಾಗೇ ನೋವು ನಿಲ್ಲಿಸುವ, ಉಸಿರು ಕುಗ್ಗಿಸುವ ಶಕ್ತಿ ಇದೆ. ಈ ಎಂ6ಜಿಯ ಹೆಸರು ಮರೆಯಬೇಡಿ. ಅರಕಲಗೂಡಿನಲ್ಲಿ ಮತ್ತೆ ಸಿಗುತ್ತದೆ.

ಅಳೆಯುವವನ ತಲೆನೋವು ಏನೆಂದರೆ, ಇವೆರಡರ ತೂಕ ಒಂದೇ. ಮಾಸ್ ಸ್ಪೆಕ್ಟ್ರೋಮೀಟರ್ ಅಣುವನ್ನು ತೂಕದಿಂದ ಗುರುತಿಸುವ ಯಂತ್ರ. ಅದರ ಕಣ್ಣಿಗೆ ಮಾರ್ಫಿನ್ 286, ಎಂ3ಜಿ 462, ಎಂ6ಜಿಯೂ 462. ಸಾಲದ್ದಕ್ಕೆ ಯಂತ್ರದ ಬಾಯಿಯ ಬಿಸಿಗೇ ಕೆಲವು ಮೂಟೆಗಳು ಕಳಚಿ ಬಿದ್ದು, ಎಂ3ಜಿಯೇ ಮಾರ್ಫಿನ್ನಿನ ವೇಷದಲ್ಲಿ ಒಳಗೆ ಬರುತ್ತದೆ. ಹಾಗಾಗಿ ತೂಕಕ್ಕೆ ಮೊದಲು ಇವನ್ನು ಕಾಲಂ ಎಂಬ ಸಣ್ಣ ಕೊಳವೆಯಲ್ಲಿ ಓಡಿಸಿ ಬೇರೆ ಮಾಡಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲು ಹತ್ತುವ ಅವಳಿಗಳನ್ನು ಊಹಿಸಿಕೊಳ್ಳಿ, ಒಬ್ಬ ನಿಲ್ಲದೆ ಹತ್ತುತ್ತಾನೆ, ಇನ್ನೊಬ್ಬ ನಾಲ್ಕು ಮೆಟ್ಟಿಲಿಗೊಮ್ಮೆ ಕಟ್ಟೆ ಹಿಡಿದು ನಿಲ್ಲುತ್ತಾನೆ. ಮೇಲೆ ನಿಂತು ನೋಡುವವನಿಗೆ ಯಾರು ಯಾರೆಂದು ತಿಳಿಯುವುದು ಬಂದ ಹೊತ್ತಿನಿಂದ. ಸಾಮಾನ್ಯವಾಗಿ ಎಂ3ಜಿ ಮೊದಲು, ಎಂ6ಜಿ ಆಮೇಲೆ.

ರಕ್ತದಿಂದ ಇವನ್ನು ಹಿಂಡಿ ತೆಗೆಯುವಾಗ ದಾರಿಯಲ್ಲಿ ನಷ್ಟವಾಗುತ್ತದೆ. ಆ ನಷ್ಟದ ಲೆಕ್ಕ ಸಿಗುವುದು ಹೇಗೆ? ನಮ್ಮ ಕಡೆ ಕುರಿ ಕಾಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಂದೆಗೆ ಗುರುತು ಹಾಕಿದ ಹತ್ತು ಕುರಿ ಬಿಟ್ಟು ಕಾಡು ದಾಟಿಸಿ, ಆ ಕಡೆ ಗುರುತಿನವು ಆರೇ ಬಂದರೆ ಮಂದೆಯಲ್ಲೂ ಹತ್ತಕ್ಕೆ ನಾಲ್ಕು ಹೋದವು ಎಂದು ತಿಳಿಯಿತು. ಪ್ರಯೋಗಾಲಯದಲ್ಲಿ ಮೂರು ಹೈಡ್ರೋಜನ್ನಿನ ಬದಲು ಭಾರದ ಹೈಡ್ರೋಜನ್ ಕೂರಿಸಿದ ಮಾರ್ಫಿನ್ ಅನ್ನು ಮೊದಲೇ ಅಳೆದು ಸೇರಿಸುತ್ತಾರೆ. ಅದು 289ರಲ್ಲಿ ಬರುತ್ತದೆ. ಗುಣ ಎಲ್ಲ ಮಾರ್ಫಿನ್ನಿನದೇ, ಗುರುತು ಬೇರೆ.

ಕೆಲವೊಮ್ಮೆ ಮೂಟೆಗಳನ್ನೆಲ್ಲ ಮೊದಲೇ ಬಿಚ್ಚಿ 'ಒಟ್ಟು ಮಾರ್ಫಿನ್' ಎಂದು ಅಳೆಯುವುದುಂಟು. ಬಿಚ್ಚಲು ಎರಡು ದಾರಿ. ಒಂದು ಕಿಣ್ವದ್ದು, ಅದನ್ನು ತೆಗೆಯುವ ಮೂಲಗಳಲ್ಲಿ ಒಂದು ಯುರೋಪಿನಲ್ಲಿ ಜನ ತಿನ್ನುವ ಜಾತಿಯ ಬಸವನಹುಳು. ಇನ್ನೊಂದು ಆಮ್ಲ ಹಾಕಿ ಕುದಿಸುವುದು. ಕುದಿಸುವುದು ಬೇಗ ಆಗುತ್ತದೆ, ಅಗ್ಗ ಕೂಡ. ಆದರೆ ಅದರಲ್ಲಿ ಒಂದು ದೊಡ್ಡ ಸಾಕ್ಷಿ ಸುಟ್ಟುಹೋಗುತ್ತದೆ. ಹೆರಾಯಿನ್ ಮೈಗೆ ಹೊಕ್ಕ ಕೆಲವೇ ನಿಮಿಷದಲ್ಲಿ 6-ಮೊನೊಅಸಿಟೈಲ್‌ಮಾರ್ಫಿನ್ ಆಗುತ್ತದೆ, ಆಮೇಲೆ ಮಾರ್ಫಿನ್ ಆಗುತ್ತದೆ. ಪಾಯಸದಿಂದಾಗಲಿ, ಆಸ್ಪತ್ರೆಯ ಮಾತ್ರೆಯಿಂದಾಗಲಿ ಆ ನಡುವಿನ ವಸ್ತು ಮೈಯಲ್ಲಿ ಹುಟ್ಟುವುದೇ ಇಲ್ಲ. ಅದು ಕಂಡರೆ ಹೆರಾಯಿನ್, ಮಾತು ಮುಗಿಯಿತು. ಮೂತ್ರದಲ್ಲಿ ಅದು ಉಳಿಯುವುದೇ ಕೆಲವು ಗಂಟೆ, ಆಮ್ಲದಲ್ಲಿ ಕುದಿಸಿದರೆ ಅದೂ ಮಾರ್ಫಿನ್ ಆಗಿಬಿಡುತ್ತದೆ. ಆಮೇಲೆ ಕೋರ್ಟಿನಲ್ಲಿ ಎಷ್ಟು ವಾದ ಮಾಡಿದರೂ ಅದು ವಾಪಸು ಬರುವುದಿಲ್ಲ. ಅತ್ತ ಗಸಗಸೆಯ ಪಕ್ಷಕ್ಕೂ ಒಬ್ಬ ಸಾಕ್ಷಿ ಇದ್ದಾನೆ, ಥೀಬೇನ್. ಅಫೀಮಿನ ಗಿಡದಲ್ಲಿರುವ ಇನ್ನೊಂದು ವಸ್ತು ಅದು. ಶುದ್ಧ ಮಾರ್ಫಿನ್ ಮಾತ್ರೆಯಲ್ಲಿ ಅದಿರುವುದಿಲ್ಲ. ಮೂತ್ರದಲ್ಲಿ ಕಂಡರೆ ಪಾಯಸದವನ ಮಾತಿಗೆ ಬಲ ಬರುತ್ತದೆ. ಚನ್ನರಾಯಪಟ್ಟಣದ ಹುಡುಗನಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಮಸಕು ಗೆರೆಯೂ ಗೆರೆಯೇ ಎಂದು ಪೊಟ್ಟಣದೊಳಗಿನ ಚೀಟಿಯಲ್ಲೇ ಇತ್ತು. ಅದನ್ನು ಓದಿ ತೋರಿಸಿದ ಮೇಲೆ ರಿಪೋರ್ಟು ತಿದ್ದಿಕೊಟ್ಟರು. ಅಷ್ಟಕ್ಕೆ ಮೂರು ವಾರ ಹಿಡಿಯಿತು.

ಕೂದಲಿನಲ್ಲೂ ಮಾರ್ಫಿನ್ ನೋಡಬಹುದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಅದು ಒಂಥರ ಡೈರಿ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವನ ಡೈರಿ ಮಾತ್ರ ಹುಂಡಿಗೆ ಸಂದಿರುತ್ತದೆ.

ಇನ್ನು ಸತ್ತವರ ವಿಷಯ. ಸಂಶಯದ ಸಾವಾದರೆ ಹೊಟ್ಟೆ, ಕರುಳು, ಲಿವರ್, ಕಿಡ್ನಿಯ ತುಂಡುಗಳನ್ನು ಗಾಜಿನ ಬಾಟಲಿಯಲ್ಲಿ ಉಪ್ಪುನೀರಿಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಮೈಸೂರಿನ ಇಲ್ಲವೇ ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಉಪ್ಪು ಅಂದರೆ ಉಪ್ಪಿನಕಾಯಿಗೆ ಹಾಕುವ ಅದೇ ಉಪ್ಪು. ಇನ್ನು ಕರಗದು ಅನ್ನುವಷ್ಟು ಹಾಕಿ ಕಲಸಿರುತ್ತಾರೆ. ರಕ್ತಕ್ಕೆ ಸೋಡಿಯಂ ಫ್ಲೋರೈಡ್. ಯಾಕೆಂದರೆ ಸತ್ತ ಮೇಲೂ ಕಥೆ ನಿಲ್ಲುವುದಿಲ್ಲ, ಬ್ಯಾಕ್ಟೀರಿಯಾಗಳು ಬಸವನಹುಳುವಿನ ಕೆಲಸ ಮಾಡತೊಡಗುತ್ತವೆ. ಮೂಟೆ ಬಿಚ್ಚಿ ಎಂ3ಜಿಯನ್ನು ಮತ್ತೆ ಮಾರ್ಫಿನ್ ಮಾಡುತ್ತವೆ. ಬೇಸಗೆಯಲ್ಲಿ ಎರಡು ದಿನ ಬಿದ್ದಿದ್ದ ಹೆಣದ ರಕ್ತದಲ್ಲಿ ಸಾಯುವಾಗ ಇದ್ದದ್ದಕ್ಕಿಂತ ಹೆಚ್ಚು ಮಾರ್ಫಿನ್ ಸಿಗಬಹುದು. ರಕ್ತವನ್ನು ಹೃದಯದಿಂದ ತೆಗೆಯಬಾರದು, ತೊಡೆಯ ರಕ್ತನಾಳದಿಂದ ತೆಗೆಯಬೇಕು ಎಂದು ಹುಡುಗರಿಗೆ ಕಲಿಸುವುದೂ ಇಂಥ ಕಾರಣಕ್ಕೆ. ಅಂಗಗಳಲ್ಲಿ ಅಡಗಿದ ಔಷಧಿ ಸತ್ತ ಮೇಲೆ ಹೃದಯದ ಕಡೆಗೆ ಒಸರುತ್ತದೆ.

ಹೆಣದಿಂದ ಇಂಥ ಸಸ್ಯವಿಷವನ್ನು ತೆಗೆದು ತೋರಿಸಲು ಸಾಧ್ಯವೇ ಇಲ್ಲ ಎಂಬ ಕಾಲವೊಂದಿತ್ತು. 1823ರಲ್ಲಿ ಪ್ಯಾರಿಸ್ಸಿನ ವೈದ್ಯ ಕಾಸ್ತೆಂಗ್ ಮಾರ್ಫಿನ್ ಕೊಟ್ಟು ಗೆಳೆಯನನ್ನು ಕೊಂದನೆಂದು ಗಿಲೊಟಿನ್ನಿಗೆ ಹೋದ. ಹೆಣದಲ್ಲಿ ಮಾರ್ಫಿನ್ ತೋರಿಸಲು ಯಾರಿಂದಲೂ ಆಗಿರಲಿಲ್ಲ. ದಾರಿ ಸಿಕ್ಕಿದ್ದು 1850ರಲ್ಲಿ ಬೆಲ್ಜಿಯಂನಲ್ಲಿ, ಅದೂ ಹೊಗೆಸೊಪ್ಪಿನಿಂದ. ಒಬ್ಬ ಕೌಂಟ್ ತನ್ನ ಭಾವಮೈದುನನಿಗೆ ನಿಕೊಟಿನ್ ಕುಡಿಸಿ ಕೊಂದ. ಸ್ಟಾಸ್ ಎಂಬ ರಸಾಯನಶಾಸ್ತ್ರಜ್ಞ ಹೆಣದ ಅಂಗಗಳನ್ನು ಆಮ್ಲ ಸೇರಿಸಿದ ಮದ್ಯಸಾರದಲ್ಲಿ ನೆನೆಸಿ, ಸೋಸಿ, ಕ್ಷಾರ ಬೆರೆಸಿ, ಈಥರ್‌ನಲ್ಲಿ ಅಲ್ಲಾಡಿಸಿ ವಿಷವನ್ನು ಹೊರತೆಗೆದ. ಒಟ್ಟೊ ಎಂಬವನು ಅದನ್ನು ತಿದ್ದಿದ. ಸ್ಟಾಸ್-ಒಟ್ಟೊ ವಿಧಾನ ನಮ್ಮ ಪ್ರಯೋಗಾಲಯಗಳ ಪಠ್ಯದಲ್ಲಿ ಇವತ್ತಿಗೂ ಇದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪಿನ ಬೇಲು ಹೊತ್ತು ಹೋಗುವವರಿಗೆ ಈ ಕಥೆ ಹೇಳಿದ್ದೇನೆ. ಅಲ್ಲಿ ಸೊಪ್ಪಿನ ಬೆಲೆ ಬಣ್ಣ, ಮೈ ನೋಡಿ ನಿಲ್ಲುತ್ತದೆ. ಅಫೀಮಿನ ಮಾತು ಬೇರೆ. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಲೈಸೆನ್ಸ್ ಮೇಲೆ ಅಫೀಮು ಬೆಳೆಯುವ ರೈತನಿಗೆ ಹೆಕ್ಟೇರಿಗೆ ಇಷ್ಟು ಕೆಜಿ ಮಾರ್ಫಿನ್ ಸಿಕ್ಕಲೇಬೇಕೆಂಬ ಲೆಕ್ಕ, ಸಿಕ್ಕದಿದ್ದರೆ ಲೈಸೆನ್ಸಿಗೇ ಸಂಚಕಾರ. ಅಷ್ಟು ಬೆಳೆದ ದೇಶದ ರೋಗಿಗೆ ಮಾತ್ರೆ ಸಿಗಲು ಮಾತ್ರ ಹಲವು ಪರವಾನಗಿ ಬೇಕಾಗಿತ್ತು. 2014ರಲ್ಲಿ ಕಾಯ್ದೆ ತಿದ್ದಿದ ಮೇಲೆ ದಾರಿ ಸ್ವಲ್ಪ ಸಡಿಲವಾಗಿದೆ.

ಆ ಮಾತ್ರೆ ಸಿಕ್ಕಿದ ಒಬ್ಬರು ಅರಕಲಗೂಡಿನ ನಮ್ಮ ದೊಡ್ಡಮ್ಮ. ಗರ್ಭಕೊರಳಿನ ಕ್ಯಾನ್ಸರ್. ಚಿಕಿತ್ಸೆಯ ದಾರಿ ಮುಗಿದು ಮನೆಗೆ ಬಂದಿದ್ದರು. ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ. ಮೊದಲ ವಾರ ತಿಂಗಳಾನುಗಟ್ಟಲೆ ಮಾಡದ ನಿದ್ದೆ ಮಾಡಿದರು, ಮುದ್ದೆ ಉಂಡರು. ಮೂರನೇ ವಾರ ಎಬ್ಬಿಸಿದರೆ ಏಳಲಿಲ್ಲ. ಕೈ ಆಗಾಗ ಜಗ್ಗನೆ ಎಳೆದುಕೊಳ್ಳುತ್ತಿತ್ತು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಮಗ ಡಾಕ್ಟರ ಮುಂದೆ ಗದರಿದ: "ಆ ಮಾತ್ರೆನೇ ನಮ್ಮವ್ವನ್ನ ತಗಂತಾ ಐತೆ. ರಕ್ತದಾಗೆ ಮಾರ್ಫಿನ್ ಎಷ್ಟೈತೆ ಅಂತ ಟೆಸ್ಟ್ ಮಾಡ್ಸಿ, ಬೆಂಗಳೂರಾದ್ರೂ ಸೈ." ಆಕೆ ಚಿಕ್ಕ ವಯಸ್ಸಿನ ಡಾಕ್ಟರು. "ಅಣ್ಣಾ, ಮಾರ್ಫಿನ್ ಬೇಡ, ಕ್ರಿಯಾಟಿನಿನ್ ಮಾಡಿಸೋಣ, ಇಲ್ಲೇ ಆಗುತ್ತೆ" ಅಂದರು. ಕಿಡ್ನಿಯ ಸ್ಥಿತಿ ಹೇಳುವ ಆ ಅಂಕಿ ಸಂಜೆಗೆ ಬಂತು: 4.1, ಬಹಳ ಹೆಚ್ಚು.

ಗಡ್ಡೆ ಬೆಳೆದು ಎರಡೂ ಕಡೆಯ ಮೂತ್ರನಾಳ ಅಮುಕಿತ್ತು. ಕಿಡ್ನಿ ಕೆಲಸ ಬಿಟ್ಟಿತ್ತು. ಲಿವರ್ ತನ್ನ ಪಾಡಿಗೆ ಮೂಟೆ ಕಟ್ಟುತ್ತಲೇ ಇತ್ತು, ದಾಟಿಸುವ ದೋಣಿಯೇ ಇರಲಿಲ್ಲ. ಎಂ6ಜಿ ದಿನದಿನಕ್ಕೆ ಕಟ್ಟೆ ಕಟ್ಟಿ ನಿಂತಿತ್ತು. ಲಂಡನ್ನಿನ ಆಸ್ಬೋರ್ನ್, ಜೋಯೆಲ್, ಸ್ಲೆವಿನ್ ಎಂಬ ಮೂವರು ಇಂಥದೇ ರೋಗಿಗಳ ರಕ್ತವನ್ನು 1986ರಲ್ಲಿ ಬೇರೆಬೇರೆಯಾಗಿ ಅಳೆದು ತೋರಿಸಿದ್ದರು: ಅಮಲೇರಿ ಮಲಗಿದವರ ಮೈಯಲ್ಲಿ ಮಾರ್ಫಿನ್ ಲೆಕ್ಕಕ್ಕಿಲ್ಲ, ಎಂ6ಜಿ ತುಂಬಿ ತುಳುಕುತ್ತಿದೆ. ನಮ್ಮಣ್ಣ ಕೇಳಿದ ಪರೀಕ್ಷೆಯನ್ನೇ ಮಾಡಿಸಿದ್ದರೆ ಎರಡು ದಿನ ಬಿಟ್ಟು ಬೆಂಗಳೂರಿನಿಂದ ಒಂದು ಸಂಖ್ಯೆ ಬರುತ್ತಿತ್ತು. ಅದು ಹೆಚ್ಚೇನೂ ಇರುತ್ತಿರಲಿಲ್ಲ. ಹೆಚ್ಚಿಲ್ಲ ಎಂದು ಓದಿ ಯಾರೋ ಮಾತ್ರೆ ಮುಂದುವರಿಸಿ ಅನ್ನುತ್ತಿದ್ದರು.

ಡಾಕ್ಟರು ಮಾತ್ರೆ ನಿಲ್ಲಿಸಿದರು. ನೋವು ಮತ್ತೆ ತಲೆ ಎತ್ತುವ ಹೊತ್ತಿಗೆ ಕಿಡ್ನಿಯ ಹಂಗು ಕಡಿಮೆ ಇರುವ ಫೆಂಟನಿಲ್ ಪಟ್ಟಿಯನ್ನು ಹಾಸನದಿಂದ ತರಿಸಿ ತೋಳಿಗೆ ಅಂಟಿಸಿದರು. ನಾಲ್ಕನೇ ದಿನ ಬೆಳಗ್ಗೆ ನಾನು ಹೋದಾಗ ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಮೊದಲು ಆಡಿದ ಮಾತು, "ಹಸಕ್ಕೆ ಹುಲ್ಲು ಹಾಕವ್ರೇನೋ ನೋಡು."